ಪೆಟ್ಟು ಬಿದ್ದದ್ದು ಮೈಗೆ, ಮಾನಕ್ಕಲ್ಲ

ಸಂಕ್ರಾಂತಿಯ ಹೊತ್ತಿಗೆ ಚುಂಚನಕಟ್ಟೆಯ ದನಗಳ ಜಾತ್ರೆಗೆ ಒಮ್ಮೆ ಬಂದು ನೋಡಿ. ಹಳ್ಳಿಕಾರ್ ಹೋರಿಯ ಬಾಯಿ ಅಗಲಿಸಿ ಹಲ್ಲು ಎಣಿಸುತ್ತಾರೆ, ಸುಳಿ ಹುಡುಕುತ್ತಾರೆ, ಗೊರಸು ಎತ್ತಿ ನೋಡುತ್ತಾರೆ, ಬೀಜ ಒಡೆಸಿದೆಯೋ ಇಲ್ಲವೋ ಎಂದು ಹತ್ತು ಜನರ ನಡುವೆಯೇ ಕೇಳುತ್ತಾರೆ. ಮುಚ್ಚಿಡುವುದು ಬೆಲೆಯನ್ನು ಮಾತ್ರ. ಅದು ಟವೆಲಿನ ಅಡಿಯಲ್ಲಿ ಬೆರಳುಗಳ ನಡುವೆ ನಡೆಯುವ ಮಾತು. ಇದೇ ಗಂಡಸರು ತಮ್ಮ ಮೈಯಲ್ಲಿ ಅದೇ ಜಾಗಕ್ಕೆ ನೋವು ಬಂದರೆ ಹೆಂಡತಿಗೂ ಹೇಳುವುದಿಲ್ಲ. ಎತ್ತಿನ ಮೈಗೆ ಇರುವ ಭಾಷೆ ನಮ್ಮ ಮೈಗೆ ಇಲ್ಲ. ನನ್ನ ತಕರಾರು ಇರುವುದು ಇಲ್ಲಿ.

ತಕರಾರಿಗೆ ಕಾರಣ ನನ್ನ ಮೈಯೇ. ನಾನು ಈ ಸೀಮೆಯವನು, ಸಂಸಾರಸ್ಥ, ವಯಸ್ಸು ನಲವತ್ತು ದಾಟಿದೆ. ಹಾಸಿಗೆಯಲ್ಲಿ, ಶಿಶ್ನ ನಿಮಿರಿದ್ದ ಹೊತ್ತಿನಲ್ಲಿ, ಅದು ಮಡಿಸಿದಂತಾಗಿ ಪೆಟ್ಟಾಯಿತು. ಎರಡು ದಿನದಲ್ಲಿ ನೋವು ಇಳಿಯಿತು. ಕೆಲವು ವಾರ ಕಳೆದ ಮೇಲೆ ನಿಮಿರಿದಾಗಲೆಲ್ಲ ಮತ್ತೆ ನೋವು. ಮೇಲ್ಭಾಗದಲ್ಲಿ ಅವರೆಕಾಳಿನಷ್ಟು ಗಟ್ಟಿ ಗಂಟು. ಹಿಂದೆ ಇಲ್ಲದ ಒಂದು ಬಾಗು. ಹೆಂಡತಿಗೆ ಹೇಳಿದೆ. "ಡಾಕ್ಟ್ರ ಹತ್ರ ಹೋಗಣ ನಡೀರಿ" ಎಂದಳು. ಗೆಳೆಯನೊಬ್ಬನಿಗೂ ಹೇಳಿದೆ. ಅವನು ಅತ್ತಿತ್ತ ನೋಡಿ, "ಸುಮ್ಕಿರೋ, ಯಾರಾರ ಕೇಳಿಸ್ಕಂಡ್ರೆ ಮಾನ ಹೋಯ್ತದೆ" ಎಂದ.

ಈ 'ಮಾನ' ಎಂಬ ಪದವನ್ನೇ ಸ್ವಲ್ಪ ನೋಡೋಣ. ಮಾನ ಮುಚ್ಚಿಕೊಳ್ಳಲು ಒಂದು ತುಂಡು ಬಟ್ಟೆ ಎನ್ನುತ್ತೇವೆ. ಅಲ್ಲಿ ಮಾನವೆಂದರೆ ಮರ್ಯಾದೆಯೂ ಹೌದು, ಆ ಅಂಗವೂ ಹೌದು. ಎರಡನ್ನೂ ಒಂದೇ ಗೂಟಕ್ಕೆ ಕಟ್ಟಿಹಾಕಿದ್ದೇವೆ. ಹಾಗಾಗಿ ಮೊಣಕಾಲು ಊದಿದರೆ ಅದು ಕಾಯಿಲೆ, ಇದು ಬಾಗಿದರೆ ಗಂಡಸ್ತನದ ಪ್ರಶ್ನೆ. ಉಳಿದ ಪದಗಳ ಗತಿಯೂ ಅಷ್ಟೇ. 'ಶಿಶ್ನ' ಹೈಸ್ಕೂಲಿನ ಜೀವಶಾಸ್ತ್ರದ ಪದ. ಆ ಪಾಠ ಬಂದಾಗ ಮೇಷ್ಟ್ರು "ಮನೇಲಿ ಓದ್ಕೊಳ್ಳಿ" ಎಂದು ಪುಟ ತಿರುವಿರುತ್ತಾರೆ. 'ಮರ್ಮಾಂಗ' ಪತ್ರಿಕೆಯ ಅಪರಾಧ ಸುದ್ದಿಯದು. ಅಚ್ಚಗನ್ನಡ ಪದಗಳೆಲ್ಲ ಬೈಗುಳಕ್ಕೆ ಹೋಗಿವೆ. ಕೊನೆಗೆ ವೈದ್ಯರ ಮುಂದೆ ಕೂತವನ ಬಾಯಲ್ಲಿ ಉಳಿಯುವುದು "ಅಲ್ಲಿ ಸಾರ್, ಕೆಳಗೆ" ಎಂಬಷ್ಟೇ.

ಕನ್ನಡ ಸಾಹಿತ್ಯ ಈ ಮಡಿಯನ್ನು ಎಂದೋ ಮುರಿಯಿತಲ್ಲ ಎಂದು ನೀವು ಕೇಳಬಹುದು. ನವ್ಯರ ಕತೆಗಳಲ್ಲಿ ಕಾಮಕ್ಕೇನೂ ಬರವಿಲ್ಲ, ಒಪ್ಪುತ್ತೇನೆ. ಆದರೆ ನಾನು ಓದಿದ ಮಟ್ಟಿಗೆ ಅಲ್ಲಿ ಗಂಡಸಿನ ಮೈ ಕೈಕೊಟ್ಟರೆ ಅದು ಕೂಡಲೇ ಬದುಕಿನ ಬಿಕ್ಕಟ್ಟಿನ ರೂಪಕವಾಗಿಬಿಡುತ್ತದೆ. ರೂಪಕಕ್ಕೆ ಔಷಧಿ ಬೇಕಿಲ್ಲ. ನನಗೆ ಬೇಕಿತ್ತು. ಇಲ್ಲಿ ನೋವಿದೆ, ಇಲ್ಲಿ ಗಂಟಿದೆ, ಇಷ್ಟು ದಿನವಾಯಿತು ಎಂದು ನಾಚಿಕೆಯಿಲ್ಲದೆ ಹೇಳುವ ಒಂದು ವಾಕ್ಯವೂ ಬೇಕಿತ್ತು. ಆ ವಾಕ್ಯವನ್ನು ನಮ್ಮ ಕತೆ ಕಾದಂಬರಿಗಳಿಂದ ನಾನು ಕಲಿಯಲಿಲ್ಲ.

ಇದಕ್ಕೊಂದು ಹೆಸರಿದೆ. ಫ್ರಾನ್ಸಿನ ದೊರೆ 15ನೇ ಲೂಯಿಯ ಶಸ್ತ್ರವೈದ್ಯ ಲಾ ಪೆರೋನಿ 1743ರಲ್ಲೇ ಇದರ ಬಗ್ಗೆ ಬರೆದ. ಹಾಗಾಗಿ ಪೆರೋನಿ ಕಾಯಿಲೆ. ನಿಮಿರುವಾಗ ರಕ್ತ ತುಂಬಿಕೊಳ್ಳುವ ಭಾಗವನ್ನು ಗಟ್ಟಿ ಪೊರೆಯೊಂದು ಸುತ್ತಿಕೊಂಡಿರುತ್ತದೆ. ಪೆಟ್ಟಿನಿಂದ ಆ ಪೊರೆಗೆ ಗಾಯವಾಗಿ, ಕೆಲವರಲ್ಲಿ ಆ ಗಾಯ ಸರಿಯಾಗಿ ಮಾಯದೆ ಗಂಟುಗಟ್ಟುತ್ತದೆ. ಉಳಿದ ಪೊರೆ ಹಿಗ್ಗಿದರೂ ಗಂಟು ಹಿಗ್ಗುವುದಿಲ್ಲ. ಆದ್ದರಿಂದ ಆ ಕಡೆಗೆ ಬಾಗು. ಇದು ಕ್ಯಾನ್ಸರ್ ಅಲ್ಲ, ಅಂಟುರೋಗವಲ್ಲ, ಯಾವ ಪಾಪದ ಫಲವೂ ಅಲ್ಲ. ಐವತ್ತರ ಆಸುಪಾಸಿನವರಲ್ಲಿ ಹೆಚ್ಚು, ಹುಡುಗರಲ್ಲೂ ಉಂಟು. ಸಕ್ಕರೆ ಕಾಯಿಲೆಯವರಿಗೆ ಸಾಧ್ಯತೆ ಜಾಸ್ತಿ.

ಮೌನ ದುಬಾರಿಯಾಗುವುದು ಕಾಯಿಲೆಯ ಮೊದಲ ಹಂತದಲ್ಲಿ. ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ ನೋವಿರುತ್ತದೆ, ಬಾಗು ಬದಲಾಗುತ್ತಿರುತ್ತದೆ. ಆಮೇಲೆ ನೋವು ಸಾಮಾನ್ಯವಾಗಿ ಇಳಿಯುತ್ತದೆ, ಬಾಗು ನಿಂತುಬಿಡುತ್ತದೆ. ತಾನಾಗಿಯೇ ಪೂರ್ತಿ ನೆಟ್ಟಗಾಗುವುದು ಅಪರೂಪ. ಆ ಮೊದಲ ತಿಂಗಳುಗಳಲ್ಲಿ ಮೂತ್ರರೋಗ ತಜ್ಞರನ್ನು ಕಂಡರೆ ನೋವಿಗೆ ಮದ್ದು ಸಿಗುತ್ತದೆ, ಬಾಗಿನ ಅಳತೆ ದಾಖಲಾಗುತ್ತದೆ, ಕೆಲವರಿಗೆ ಎಳೆದು ಹಿಡಿಯುವ ಸಾಧನದ ಸಲಹೆಯೂ ಸಿಗಬಹುದು. ಶಸ್ತ್ರಚಿಕಿತ್ಸೆ ಬಾಗು ನಿಂತ ಮೇಲೆ, ಅದೂ ಬೇಕೇಬೇಕು ಎನ್ನುವವರಿಗೆ. ಪೆಟ್ಟಾದ ಕ್ಷಣ 'ಟಕ್' ಎಂಬ ಸದ್ದು ಕೇಳಿಸಿ, ನಿಮಿರುವಿಕೆ ತಟ್ಟನೆ ಇಳಿದು, ಊದಿ ಕಪ್ಪಾದರೆ ಮಾತ್ರ ಕಾಯುವಂತಿಲ್ಲ. ಒಳಗಿನ ಪೊರೆಯೇ ಹರಿದಿರುತ್ತದೆ; ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು.

ಇದನ್ನು ನನಗೆ ಮೈಸೂರಿನ ತಜ್ಞರೊಬ್ಬರು ಹದಿನೈದು ನಿಮಿಷದಲ್ಲಿ ತಿಳಿಸಿದರು. ಊರಿನ ಔಷಧಿ ಅಂಗಡಿಯಲ್ಲಿ ಸಿಕ್ಕಿದ್ದು ವಿಟಮಿನ್ ಇ ಗುಳಿಗೆ ಮತ್ತು ಒಂದು ಓರೆನಗೆ. ಆ ಗುಳಿಗೆಯನ್ನು ಈ ಕಾಯಿಲೆಗೆ ಕೊಡಬೇಡಿ ಎಂದು ಅಮೆರಿಕದ ಮೂತ್ರರೋಗ ತಜ್ಞರ ಸಂಘ 2015ರಲ್ಲೇ ಹೇಳಿದೆ. ಇನ್ನು ಬಸ್ ನಿಲ್ದಾಣದ ಶೌಚಾಲಯದ ಗೋಡೆಯಲ್ಲಂತೂ 'ಗುಪ್ತರೋಗ'ದ ಪೋಸ್ಟರುಗಳು ಕರೆಯುತ್ತಲೇ ಇರುತ್ತವೆ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆಂದು ಔಷಧಿಗೆ ಜಾಹೀರಾತು ಕೊಡುವುದನ್ನು 1954ರ ಕಾಯ್ದೆ ನಿಷೇಧಿಸಿದೆ. ಆದರೂ ಆ ಪೋಸ್ಟರು ಬದುಕಿದೆ, ಏಕೆಂದರೆ ನಾವು ಕೈಬಿಟ್ಟ ಭಾಷೆಯನ್ನು ಅದು ಎತ್ತಿಕೊಂಡಿದೆ. ಮೇಷ್ಟ್ರು ಹೇಳದ, ಲೇಖಕ ಬರೆಯದ ಮಾತನ್ನು ಆಡಿದವನ ಹತ್ತಿರ ಜನ ಹೋಗುತ್ತಾರೆ. ತಪ್ಪು ಹೋದವರದಲ್ಲ.

"ಇದೆಲ್ಲ ಖಾಸಗಿ ವಿಷಯ, ಬೀದಿಗೆ ತರಬೇಕೆ?" ಎನ್ನುವವರಿದ್ದಾರೆ. ಖಾಸಗಿ ಬೇರೆ, ಗುಟ್ಟು ಬೇರೆ. ಖಾಸಗಿಯಾದದ್ದನ್ನು ನಾನು ಬೇಕಾದವರಿಗೆ ಹೇಳಬಲ್ಲೆ. ಗುಟ್ಟು ನನ್ನ ಬಾಯನ್ನೇ ಕಟ್ಟುತ್ತದೆ. ಚುಂಚನಕಟ್ಟೆಯಲ್ಲಿ ಕಾವೇರಿ ಅಷ್ಟು ಭೋರ್ಗರೆದು ಧುಮುಕಿದರೂ ಪಕ್ಕದ ಕೋದಂಡರಾಮನ ಗರ್ಭಗುಡಿಯೊಳಗೆ ಸದ್ದು ಕೇಳಿಸುವುದಿಲ್ಲ ಎಂಬ ಪ್ರತೀತಿಯಿದೆ. ದೇವರಿಗೆ ಅದು ಒಪ್ಪುತ್ತದೆ. ಮನೆಗಳು ಹಾಗಿದ್ದರೆ ಕಷ್ಟ. ಗಂಡ ಕಾರಣ ಹೇಳದೆ ಹಾಸಿಗೆ ಬೇರೆ ಮಾಡಿದರೆ ಹೆಂಡತಿ ತನ್ನಲ್ಲೇ ಏನೋ ಐಬಿದೆ ಎಂದುಕೊಳ್ಳುತ್ತಾಳೆ. ಮಗುವಾಗದಿದ್ದರೆ ಊರು ಬೆರಳು ತೋರಿಸುವುದೂ ಅವಳ ಕಡೆಗೇ. ಈ ಕಾಯಿಲೆಯವರಲ್ಲಿ ಖಿನ್ನತೆ ಸಾಮಾನ್ಯ ಎಂದು ವೈದ್ಯರು ಹೇಳುತ್ತಾರೆ. ಬಾಗು ಮಾತ್ರವಲ್ಲ, ಹೇಳಲಾಗದ್ದೂ ಮನುಷ್ಯನನ್ನು ಹಣ್ಣು ಮಾಡುತ್ತದೆ.

ನನ್ನ ನೋವು ಇಳಿದಿದೆ. ಬಾಗು ಉಳಿದಿದೆ. ಅದು ನಿಂತಿತೇ, ಇನ್ನೂ ಬದಲಾಗುತ್ತದೆಯೇ ಎಂದು ಗಮನಿಸುತ್ತಿದ್ದೇವೆ. 'ಗಮನಿಸುತ್ತಿದ್ದೇವೆ' ಎಂಬ ಬಹುವಚನದಲ್ಲಿ ಹೆಂಡತಿಯೂ ಇದ್ದಾಳೆ, ವೈದ್ಯರೂ ಇದ್ದಾರೆ.

ಆದ್ದರಿಂದ ಮೇಷ್ಟ್ರೇ, ಆ ಪಾಠವನ್ನು ತರಗತಿಯಲ್ಲೇ ಗಟ್ಟಿಯಾಗಿ ಓದಿಸಿ. ಬರೆಯುವವರೇ, ಮಂಡಿ, ಮೊಣಕೈ ಎಂದು ಬರೆದಷ್ಟೇ ಸಲೀಸಾಗಿ ಶಿಶ್ನ ಎಂದೂ ಬರೆಯಿರಿ. ಎಲ್ಲಕ್ಕೂ ಅರ್ಥ ತುಂಬಬೇಡಿ. ಪೆಟ್ಟಾದ ಅಣ್ಣತಮ್ಮಂದಿರೇ, ಮೊದಲು ಮನೆಯಲ್ಲಿ ಹೇಳಿ, ಮಾರನೆಯ ದಿನ ಬಸ್ಸು ಹತ್ತಿ. ನಾಚಿಕೆಯಾಗುತ್ತದೆ, ಆಗಲಿ. ನಾಚಿಕೊಂಡೇ ಹೇಳಿ.