ಮೈಕ್ ಕೊಳ್ಳುವ ಮೊದಲು ಕೋಣೆ ನೋಡಿ

ಭದ್ರಾವತಿ ಆಕಾಶವಾಣಿ ಕೇಳುತ್ತಾ ಬೆಳೆದ ನಮಗೆ ಅಂಥದೇ ಮೆತ್ತನೆಯ ದನಿಯನ್ನು ಮನೆಯಲ್ಲೇ ರೆಕಾರ್ಡ್ ಮಾಡಿ ಆಡಿಷನ್‌ಗೆ ಕಳಿಸುವ ಆಸೆ. ಅದಕ್ಕೇ ಅಗ್ಗದ ರಿಬ್ಬನ್ ಮೈಕಿನ ಮೇಲೆ ಕಣ್ಣು. ಅಯಸ್ಕಾಂತಗಳ ನಡುವೆ ಕಂಪಿಸುವ ತೆಳು ಅಲ್ಯೂಮಿನಿಯಂ ಪಟ್ಟಿ ದನಿಯ ಕರ್ಕಶತೆ ತಗ್ಗಿಸುತ್ತದೆ, ನಿಜ. ಆದರೆ ಈ ಮೈಕ್ ಮುಂದಿನಷ್ಟೇ ಹಿಂದಿನ ಸದ್ದನ್ನೂ ಹಿಡಿಯುತ್ತದೆ. ಶಿವಮೊಗ್ಗದ ಬಾಡಿಗೆ ಕೋಣೆಯಲ್ಲಿ ಗೋಡೆಯ ಪ್ರತಿಧ್ವನಿ, ಆಟೊ ಹಾರ್ನ್, ಶೀಟಿನ ಮೇಲಿನ ಮಳೆ ಎಲ್ಲವೂ ದನಿಯೊಳಗೆ ಸೇರುತ್ತವೆ. ಅದರ ಸಿಗ್ನಲ್ಲೂ ಕ್ಷೀಣ. ಸುಮಾರು 60 ಡೆಸಿಬಲ್ ಗೇನ್ ಕೊಡುವ ಒಳ್ಳೆಯ ಇಂಟರ್‌ಫೇಸ್ ಬೇಕು. ಅಂದರೆ ಮೈಕ್ ಅಗ್ಗವಾದರೂ ಒಟ್ಟು ಖರ್ಚು ಅಗ್ಗವಲ್ಲ. ಕೆಲಸ ಹುಡುಕುತ್ತಿರುವವರು ಇದಕ್ಕಾಗಿ ಸಾಲ ಮಾಡಬೇಡಿ. ಗೋಡೆಗೆ ದಪ್ಪ ಕಂಬಳಿ ಕಟ್ಟಿ, ಸಾಮಾನ್ಯ ಡೈನಾಮಿಕ್ ಮೈಕಿನಲ್ಲೇ ದನಿ ಪಳಗಿಸಿ. ಮೊದಲ ಸಂಪಾದನೆ ಕೈಗೆ ಬಂದ ಮೇಲೆ ರಿಬ್ಬನ್ ಬರಲಿ.