ಪುಟ್ಟ ದೋಣಿಗೆ ಗುಂಡಿ ಒತ್ತುವ ವೈಭೋಗ ಬೇಕೇ?

ಬೇಡ ಎಂಬುದೇ ನನ್ನ ಉತ್ತರ. ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ. ಒಪ್ಪದವರು ಎಂದಿನಂತೆ ಪತ್ರ ಬರೆಯಬಹುದು. ತರಗತಿಯಲ್ಲಿ ಎದ್ದು ನಿಂತು ವಾದಿಸಿದವರೇ ನನ್ನ ಒಳ್ಳೆಯ ವಿದ್ಯಾರ್ಥಿಗಳಾಗಿದ್ದರು ಎಂಬುದನ್ನು ನಾನು ಮರೆತಿಲ್ಲ.

ವಿಷಯ ಇಷ್ಟು. ಕಾವೇರಿ ದಡದಲ್ಲಿ ತೋಟವಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮತ್ತು ಅವರ ನೆರೆಹೊರೆಯವರು ಸೇರಿ ಮಳೆಗಾಲದ ಆಪತ್ತಿಗೆಂದು ಹದಿಮೂರು ಅಡಿಯ ಒಂದು ದೋಣಿಯನ್ನು ಕೊಂಡಿದ್ದಾರೆ. ಅದಕ್ಕೆ ಇಪ್ಪತ್ತೈದು ಅಶ್ವಶಕ್ತಿಯ ಹಳೆಯ ಔಟ್‌ಬೋರ್ಡ್ ಎಂಜಿನ್ ಒಂದು ದೊರೆತಿದೆ. ಇಲ್ಲಿಯವರೆಗೆ ಎಲ್ಲವೂ ಮೆಚ್ಚತಕ್ಕದ್ದೇ. ಆದರೆ ಈಗ ಇನ್ನೊಂದು ಹಳೆಯ, ದೊಡ್ಡ ಎಂಜಿನ್ನಿನಿಂದ ಬಿಚ್ಚಿದ ಟ್ರಿಮ್ ಪಂಪನ್ನು ತಂದು ಇದಕ್ಕೆ ಜೋಡಿಸಬೇಕೆಂದು ಹೊರಟಿದ್ದಾರೆ. ಸಾವಿರಾರು ರೂಪಾಯಿಗಳ ಮಾತು. ಹಣಕ್ಕಿಂತ ಮಿಗಿಲಾಗಿ ಅದು ಪ್ರಾಣದ ಮಾತು. ಆದುದರಿಂದಲೇ ಈ ಬರಹ.

ದೋಣಿಯ ಸಹವಾಸವಿಲ್ಲದ ಬಂಧುಗಳಿಗಾಗಿ ಎರಡು ಮಾತು. ಔಟ್‌ಬೋರ್ಡ್ ಎಂಜಿನ್ ದೋಣಿಯ ಹಿಂಬದಿಯ ಹಲಗೆಗೆ ನೇತುಬಿದ್ದಿರುತ್ತದೆ. ಅದರ ಕಾಲು, ಪ್ರೊಪೆಲ್ಲರಿನೊಡನೆ ನೀರಿನಲ್ಲಿ ಮುಳುಗಿರುತ್ತದೆ. ಆ ಕಾಲನ್ನು ಸ್ವಲ್ಪವೇ ಒಳಕ್ಕೋ ಹೊರಕ್ಕೋ ಓರೆ ಮಾಡಿದರೆ ದೋಣಿಯ ಮೂತಿ ತಗ್ಗುತ್ತದೆ ಅಥವಾ ಏಳುತ್ತದೆ. ಇದು ಟ್ರಿಮ್. ಕಾಲನ್ನು ಪೂರ್ತಿ ನೀರಿನಿಂದ ಮೇಲೆತ್ತುವುದು ಟಿಲ್ಟ್. ಚಿಕ್ಕ ಎಂಜಿನ್ನುಗಳಲ್ಲಿ ಇವೆರಡನ್ನೂ ಕೈಯಿಂದಲೇ ಮಾಡುತ್ತಾರೆ. ದೊಡ್ಡ ಎಂಜಿನ್ನುಗಳಲ್ಲಿ ಹನ್ನೆರಡು ವೋಲ್ಟಿನ ಮೋಟಾರೊಂದು ಎಣ್ಣೆಯ ಪಂಪನ್ನು ತಿರುಗಿಸುತ್ತದೆ, ಎಣ್ಣೆ ಸಿಲಿಂಡರಿನ ದಂಡವನ್ನು ನೂಕುತ್ತದೆ, ಎಂಜಿನ್ ಏಳುತ್ತದೆ. ಟ್ರ್ಯಾಕ್ಟರಿನ ಹಿಂದಿನ ಟ್ರೈಲರು ಮಣ್ಣು ಸುರಿಯುವುದನ್ನು ನೋಡಿದವರಿಗೆ ಇದರ ತತ್ತ್ವ ಹೊಸದಲ್ಲ. ಹಳೆಯ ಕೆಲವು ದೊಡ್ಡ ಎಂಜಿನ್ನುಗಳಲ್ಲಿ ಈ ಪಂಪು ಎಂಜಿನ್ನಿನ ಮೇಲಿರದೆ ದೋಣಿಯೊಳಗೇ ಕುಳಿತು, ಕೊಳವೆಗಳ ಮೂಲಕ ಎಣ್ಣೆಯನ್ನು ಕಳುಹಿಸುತ್ತಿತ್ತು. ನಮ್ಮವರ ಕೈಗೆ ಸಿಕ್ಕಿರುವುದು ಅಂಥದ್ದೇ.

ಮೊದಲ ಪ್ರಶ್ನೆ, ಇದರ ಉಪಯೋಗವೇನು ಎಂಬುದು. ಟ್ರಿಮ್ಮಿನ ನಿಜವಾದ ಲಾಭ ದೋಣಿ ನೀರನ್ನು ಸೀಳುವುದು ಬಿಟ್ಟು ನೀರಿನ ಮೇಲೆ ಜಾರತೊಡಗಿದಾಗ, ಅಂದರೆ ವೇಗದಲ್ಲಿ. ಆರು ಜನರನ್ನು ತುಂಬಿಕೊಂಡು, ಮುಳುಗಿದ ಕಾಫಿ ತೋಟದ ನಡುವೆ, ಬೇಲಿಯ ಮುಳ್ಳುತಂತಿಯನ್ನು ತಪ್ಪಿಸುತ್ತ ನಡಿಗೆಯ ವೇಗದಲ್ಲಿ ಸಾಗುವ ದೋಣಿಗೆ ಅದರಿಂದ ಆಗಬೇಕಾದದ್ದೇನೂ ಇಲ್ಲ. ಅದಕ್ಕೆ ಬೇಕಾದದ್ದು ಒಂದೇ: ಬಂಡೆಯೋ ತಂತಿಯೋ ಕಂಡೊಡನೆ ಎಂಜಿನ್ನನ್ನು ಥಟ್ಟನೆ ಎತ್ತುವುದು. ಕೈ ಅದನ್ನು ಎರಡು ಸೆಕೆಂಡಿನಲ್ಲಿ ಮಾಡುತ್ತದೆ. ಪಂಪಿಗೆ ಹತ್ತು ಸೆಕೆಂಡು ಮೀರಿಯೂ ಹಿಡಿಯಬಹುದು. ಪ್ರವಾಹದ ನೀರಿನಲ್ಲಿ ಹತ್ತು ಸೆಕೆಂಡು ಬಹಳ ದೀರ್ಘವಾದ ಕಾಲ.

ಅಷ್ಟು ಭಾರವನ್ನು ಕೈಯಿಂದ ಎತ್ತುವುದು ಹೇಗೆ ಎನ್ನುವಿರೇ? ಇಪ್ಪತ್ತೈದು ಅಶ್ವಶಕ್ತಿಯ ಹಳೆಯ ಎಂಜಿನ್ ಐವತ್ತು ಕಿಲೋ ಆಸುಪಾಸು ತೂಗುತ್ತದೆ, ನಿಜ. ಆದರೆ ಅದು ನಡುವೆ ಕೀಲಿರುವ ತಕ್ಕಡಿಯಂತೆ. ಕಾಲು ಮೇಲೇಳುವಾಗ ತಲೆ ಮುಂದಕ್ಕೆ ಬಾಗಿ ತಾನೇ ನೆರವಾಗುತ್ತದೆ. ಪೂರ್ತಿ ಭಾರ ಕೈಗೆ ಬರುವುದಿಲ್ಲ. ಸನ್ನೆಯ ಪಾಠವನ್ನು ಎಂಟನೆಯ ತರಗತಿಯಲ್ಲಿ ಮಾಡಿದ್ದೆನೆಂದು ನೆನಪು.

ಎರಡನೆಯದು ತೂಕ. ಪಂಪು, ಸಿಲಿಂಡರು, ಎಣ್ಣೆ, ಬ್ಯಾಟರಿ ಎಲ್ಲ ಸೇರಿ ಮೂವತ್ತು ಕಿಲೋ ಎನ್ನೋಣ. ಎಂಜಿನ್ನೂ ಪೆಟ್ರೋಲ್ ಡಬ್ಬಿಯೂ ನಡೆಸುವವನೂ ಈಗಾಗಲೇ ಹಿಂಬದಿಯಲ್ಲಿಯೇ ಇದ್ದಾರೆ. ಈ ಮೂವತ್ತು ಕಿಲೋ ಕೂಡ ಅಲ್ಲಿಗೇ ಬಂದು ಸೇರುತ್ತದೆ. ಹಿಂದಿನ ಹಲಗೆ ನೀರಿಗೆ ಇನ್ನಷ್ಟು ಸಮೀಪವಾಗುತ್ತದೆ. ಮೂವತ್ತು ಕಿಲೋ ಎಂದರೆ ಐದನೆಯ ತರಗತಿಯ ಒಂದು ಮಗುವಿನ ತೂಕ. ಜನರನ್ನು ದಾಟಿಸಲೆಂದು ಕೊಂಡ ದೋಣಿಯಲ್ಲಿ ಒಂದು ಮಗುವಿನ ಜಾಗವನ್ನು ಕಬ್ಬಿಣಕ್ಕೂ ಎಣ್ಣೆಗೂ ಕೊಡಬೇಕೇ?

ಮೂರನೆಯದು ವಿದ್ಯುತ್ತು. ಮನೆಯ ವೈರಿಂಗಿನಲ್ಲಿ ಉಳಿದ ಎರಡೂವರೆ ಚದರ ಮಿಲಿಮೀಟರಿನ ತಂತಿಯೇ ಸಾಕೆಂದು ಯಾರೋ ಹೇಳಿದರಂತೆ. ಲೆಕ್ಕ ಮಾಡಿರಿ. ಬ್ಯಾಟರಿಯಿಂದ ಪಂಪಿಗೆ ನಾಲ್ಕು ಮೀಟರ್. ಹೋಗಿ ಬರಲು ಎಂಟು. ತಾಮ್ರದ ಆ ತಂತಿಯ ರೋಧ ಸುಮಾರು 0.054 ಓಮ್. ಭಾರ ಎತ್ತುವಾಗ ಪಂಪು 40 ಆಂಪಿಯರ್ ಎಳೆಯಿತೆನ್ನಿ. ಓಮನ ನಿಯಮದಂತೆ ತಂತಿಯಲ್ಲಿಯೇ 2.2 ವೋಲ್ಟ್ ನಷ್ಟ. ಹನ್ನೆರಡರಲ್ಲಿ ಪಂಪಿಗೆ ಹತ್ತೂ ತಲುಪುವುದಿಲ್ಲ, ಮಿಕ್ಕದ್ದು ತಂತಿಯನ್ನು ಕಾಯಿಸುತ್ತದೆ. ಹತ್ತಿರದಲ್ಲಿಯೇ ಪೆಟ್ರೋಲ್ ಇರುತ್ತದೆ ಎಂಬುದನ್ನು ನಾನು ನೆನಪಿಸಬೇಕಾಗಿಲ್ಲ. ಹದಿನಾರು ಚದರ ಮಿಲಿಮೀಟರಿನ ತಂತಿ ಹಾಕಿದರೆ ನಷ್ಟ ಮೂರನೆಯ ಒಂದು ವೋಲ್ಟಿಗೆ ಇಳಿಯುತ್ತದೆ. ಆದರೆ ಮಳೆ ನೀರು ಕುಡಿದು ಹಸಿರುಗಟ್ಟುವ ರಿಲೇಗಳೂ ಕೀಲುಗಳೂ ಹಾಗೆಯೇ ಉಳಿಯುತ್ತವೆ.

ನಾಲ್ಕನೆಯದು ಮುಪ್ಪು. ತೋಟದವರಿಗೆ ಇದನ್ನು ವಿವರಿಸಬೇಕಿಲ್ಲ. ಫೆಬ್ರವರಿ-ಮಾರ್ಚಿನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಯಿಸುವ ಪಂಪ್‌ಸೆಟ್ಟು, ಉಳಿದ ತಿಂಗಳುಗಳಲ್ಲಿ ಮೂಲೆಯಲ್ಲಿ ಬಿದ್ದಿದ್ದು, ಮರುವರ್ಷ ಎಬ್ಬಿಸಿದಾಗ ಹೇಗೆ ಮೊಂಡುತನ ಹಿಡಿಯುತ್ತದೆಂದು ನಿಮಗೆ ಗೊತ್ತು. ಆಪತ್ತಿನ ದೋಣಿಯ ಕತೆಯೂ ಅಷ್ಟೇ. ಬಳಸದೆ ಇಟ್ಟಷ್ಟೂ ರಬ್ಬರಿನ ಸೀಲುಗಳು ಒಣಗಿ ಬಿರಿಯುತ್ತವೆ, ಎಣ್ಣೆಗೆ ನೀರು ಸೇರುತ್ತದೆ, ವಾಲ್ವುಗಳು ಅಂಟಿಕೊಳ್ಳುತ್ತವೆ. ಬಂಡೆಗೆ ತಗುಲಿದಾಗ ಕೈಯೆತ್ತಿನ ಎಂಜಿನ್, ಮುಂದಕ್ಕೆ ಹೋಗುತ್ತಿದ್ದರೆ, ತಾನಾಗಿಯೇ ಮೇಲಕ್ಕೆ ಒದೆಯುತ್ತದೆ. ಹೈಡ್ರಾಲಿಕ್ ಸಿಲಿಂಡರಿನಲ್ಲಿ ಆ ಕೆಲಸವನ್ನು ಒಂದು ಪುಟ್ಟ ವಾಲ್ವು ಮಾಡಬೇಕು. ಅದು ಅಂಟಿದ್ದರೆ ಏಟು ನೇರವಾಗಿ ದೋಣಿಯ ಹಲಗೆಗೆ. ಬಿಡಿಭಾಗಗಳ ಪಾಡಂತೂ ಕೇಳುವುದೇ ಬೇಡ. ಸುಮಾರು ನೂರ ಹತ್ತು ವರ್ಷ ಔಟ್‌ಬೋರ್ಡ್ ಎಂಜಿನ್ ತಯಾರಿಸಿದ ಎವಿನ್‌ರೂಡ್‌ನಂಥ ಹೆಸರೇ 2020ರಲ್ಲಿ ತಯಾರಿಕೆ ನಿಲ್ಲಿಸಿತು. ಹಾಗಿರುವಾಗ ಯಾವ ಕಾಲದ್ದೋ ಪಂಪಿನ ಸೀಲನ್ನು ವಿರಾಜಪೇಟೆಯಲ್ಲಿ ಹುಡುಕುವುದು ಎಂತು?

ನನ್ನ ಎದುರು ಪಕ್ಷದವರ ವಾದವನ್ನೂ ಕೇಳೋಣ. ‘ಹಳೆಯದನ್ನು ಎಸೆಯದೆ ಬಳಸಿರಿ ಎಂದು ಕಲಿಸಿದವರು ನೀವೇ ಅಲ್ಲವೇ ಸಾರ್’ ಎಂದು ಆತ ಬರೆದಿದ್ದಾರೆ. ಚುರುಕಾದ ಮಾತು. ಹಳೆಯ ಎಂಜಿನ್ನನ್ನು ಬಳಸಬೇಡಿರೆಂದು ನಾನೆಲ್ಲಿ ಹೇಳಿದೆ? ಬಳಸಿರಿ, ಬಿಚ್ಚಿರಿ, ತೊಳೆಯಿರಿ, ನೀರಿನ ಪಂಪಿನ ರಬ್ಬರ್ ಚಕ್ರವನ್ನು ಬದಲಿಸಿರಿ. ಉಳಿತಾಯವೆಂದರೆ ಇದ್ದುದನ್ನು ದುರಸ್ತಿ ಮಾಡುವುದು. ಬೇಡದ್ದನ್ನು ಅಗ್ಗಕ್ಕೆ ಸಿಕ್ಕಿತೆಂದು ತಂದು ತುರುಕುವುದಲ್ಲ. ಎಂಜಿನ್ ನೂರು ಕಿಲೋ ಮೀರಿದ್ದರೆ, ಅಥವಾ ನಡೆಸುವವರ ಸೊಂಟಕ್ಕೆ ಶಕ್ತಿಯಿಲ್ಲದಿದ್ದರೆ ಪಂಪು ಬೇಕೇ ಬೇಕು. ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ. ಈ ದೋಣಿ ಇರುವೆ.

ಇಷ್ಟು ಹೇಳಿದ ಮೇಲೂ ಹಾಕಿಯೇ ತೀರುವೆವೆನ್ನುವವರು ಇಷ್ಟನ್ನಾದರೂ ಪಾಲಿಸಿರಿ. ದಪ್ಪ ತಂತಿ ಹಾಕಿ, ಬ್ಯಾಟರಿಯ ಸಮೀಪದಲ್ಲಿಯೇ ಫ್ಯೂಸ್ ಇಡಿ. ತಯಾರಕರು ಹೇಳಿದ ಎಣ್ಣೆಯನ್ನೇ ಹಾಕಿರಿ. ಬ್ರೇಕ್ ಆಯಿಲ್ ಸುರಿದರೆ ಸೀಲುಗಳು ಹಾಳಾಗುತ್ತವೆ. ಎಣ್ಣೆಯ ಮಟ್ಟವನ್ನು ಎಂಜಿನ್ ಪೂರ್ತಿ ಎತ್ತಿರುವಾಗ ನೋಡಿರಿ. ಒಳಗಿನ ಗಾಳಿ ಹೋಗುವವರೆಗೆ ಹಲವು ಬಾರಿ ಏರಿಸಿ ಇಳಿಸಿರಿ. ಎಲ್ಲಕ್ಕಿಂತ ಮುಖ್ಯವಾಗಿ, ವಿದ್ಯುತ್ತು ಕೈಕೊಟ್ಟಾಗ ಎಣ್ಣೆಯ ಒತ್ತಡವನ್ನು ಬಿಡಿಸುವ ಒಂದು ತಿರುಪು ಇರುತ್ತದೆ. ಅದಕ್ಕೆ ಕೆಂಪು ಬಣ್ಣ ಬಳಿಯಿರಿ, ಸ್ಕ್ರೂಡ್ರೈವರನ್ನು ಪಕ್ಕದಲ್ಲಿಯೇ ಕಟ್ಟಿಡಿ, ದೋಣಿ ಹತ್ತುವ ಪ್ರತಿಯೊಬ್ಬರಿಗೂ ತೋರಿಸಿರಿ. ಅದರ ಅರಿವಿಲ್ಲದಿದ್ದರೆ ತಗ್ಗು ನೀರಿನಲ್ಲಿ ಎಂಜಿನ್ ಲಂಗರಾಗಿಬಿಡುತ್ತದೆ.

2018 ಮತ್ತು 2019ರ ಆಗಸ್ಟನ್ನು ಕೊಡಗಿನವರು ಮರೆಯಲಾರರು. ಸಿದ್ದಾಪುರದ ಬಳಿಯ ಕರಡಿಗೋಡು, ಗುಹ್ಯಗಳಲ್ಲಿ ಮನೆಗಳಿಗೆ ಕಾವೇರಿ ನುಗ್ಗಿದಳು. ಅದೇ 2018ರಲ್ಲಿ, ನಮ್ಮ ಗಡಿಯಾಚೆಯ ಕೇರಳದಲ್ಲಿ, ಕಡಲ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳ ಮೇಲೇರಿಸಿಕೊಂಡು ಒಳನಾಡಿಗೆ ಬಂದು ಸಾವಿರಾರು ಜನರನ್ನು ಕಾಪಾಡಿದರು. ಅವರ ಎಂಜಿನ್ನುಗಳು ಬಹುಪಾಲು ಕೈಯಿಂದಲೇ ಎತ್ತುವಂಥವು. ಅವರಲ್ಲಿದ್ದ ದೊಡ್ಡ ಬಂಡವಾಳವೆಂದರೆ ದಿನನಿತ್ಯದ ಅಭ್ಯಾಸ. ನಮ್ಮಲ್ಲಿ ಇಲ್ಲದಿರುವುದೂ ಅದೇ. ಉಪಕರಣ ಕೊಂಡ ದಿನ ಫೋಟೋ ತೆಗೆಸಿಕೊಳ್ಳುತ್ತೇವೆ, ಮರುದಿನ ಅದಕ್ಕೆ ಟಾರ್ಪಾಲು ಹೊದಿಸುತ್ತೇವೆ.

ಪಂಪಿಗೆಂದು ಎತ್ತಿಟ್ಟ ಹಣದಿಂದ ಆರು ಲೈಫ್ ಜಾಕೆಟ್ ಕೊಳ್ಳಿರಿ, ಅದರಲ್ಲಿ ಎರಡು ಮಕ್ಕಳ ಅಳತೆಯವಾಗಿರಲಿ. ಗಟ್ಟಿ ಹಗ್ಗ, ಒಂದು ಜೊತೆ ಹುಟ್ಟು, ಹೆಚ್ಚುವರಿ ಸ್ಪಾರ್ಕ್ ಪ್ಲಗ್ಗು, ಒಳ್ಳೆಯ ಟಾರ್ಚು ಇರಲಿ. ಕಕ್ಕಡ ತಿಂಗಳು ಹುಟ್ಟುವ ಮೊದಲೇ, ಹೊಳೆ ಇನ್ನೂ ಸೌಮ್ಯವಾಗಿರುವಾಗ, ನಾಲ್ಕು ಭಾನುವಾರ ದೋಣಿಯನ್ನು ನೀರಿಗಿಳಿಸಿರಿ. ಮನೆಯ ಹೆಣ್ಣುಮಕ್ಕಳೂ ಎಂಜಿನ್ ಎಬ್ಬಿಸಲು, ಎತ್ತಲು ಕಲಿಯಲಿ; ನೀರು ಬರುವಾಗ ಗಂಡಸರು ಮನೆಯಲ್ಲಿಯೇ ಇರುತ್ತಾರೆಂಬ ಒಪ್ಪಂದವನ್ನು ಕಾವೇರಮ್ಮ ಯಾರೊಡನೆಯೂ ಮಾಡಿಕೊಂಡಿಲ್ಲ.

ಆ ಪಂಪನ್ನು ಏನು ಮಾಡುವುದೆಂದು ಕೇಳುವಿರಾದರೆ, ಯಾವುದಾದರೂ ಶಾಲೆಗೆ ಕೊಡಿರಿ. ಪಾಸ್ಕಲನ ನಿಯಮವನ್ನು ಬಿಚ್ಚಿ ತೋರಿಸಲು ಅದಕ್ಕಿಂತ ಒಳ್ಳೆಯ ಉಪಕರಣ ಇನ್ನೊಂದಿಲ್ಲ.