ಜಾಣ ಮಗುವನ್ನು ಗುರುತಿಸುವ ಕಣ್ಣು
ಲೆಕ್ಕವನ್ನು ಎಲ್ಲರಿಗಿಂತ ಮೊದಲೇ ಮುಗಿಸಿ ಪಕ್ಕದವರನ್ನು ಮಾತಿಗೆಳೆಯುವ ಒಂದನೇ ತರಗತಿಯ ಮಗುವಿಗೆ ತರಗತಿಯಲ್ಲಿ ಸಿಗುವ ಬಿರುದು ‘ತಂಟೆಕೋರ’. ಅವನ ಜಾಣ್ಮೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಣ್ಣಿಗೆ ಬಿದ್ದರಷ್ಟೇ ಸಾಲದು. ಗಣಿತ ಪ್ರತಿಭೆ, ಬೆಂಗಳೂರಿನ ಶಕುಂತಲಾ ದೇವಿಯವರಿಗೆ ಸಂಖ್ಯೆಗಳು ಒಲಿದಿರುವುದನ್ನು ಅವರ ಮೂರನೇ ವಯಸ್ಸಿನಲ್ಲೇ ಕಂಡವರು, ಇಸ್ಪೀಟಿನ ಆಟ ಕಲಿಸುತ್ತಿದ್ದ ಸರ್ಕಸ್ ಕಲಾವಿದ ತಂದೆ. ಮಗು ಪ್ರದರ್ಶನದ ವೇದಿಕೆ ಏರಿತು. ಶಾಲೆಯ ಓದು ಮಾತ್ರ ದಕ್ಕಲಿಲ್ಲ. ಇಂದು ರಿಯಾಲಿಟಿ ಷೋ, ಒಲಿಂಪಿಯಾಡ್ ಕೋಚಿಂಗ್‌ಗಳ ಗದ್ದಲದಲ್ಲೂ ಜಾಣ ಮಗು ಪ್ರದರ್ಶನದ ವಸ್ತುವಾಗುವ ಅದೇ ಅಪಾಯವಿದೆ. ಐದು ವರ್ಷದ ಮಗುವಿನ ಬುದ್ಧಿ ಹತ್ತರದ್ದಿರಬಹುದು. ಹಟ, ಅಳು, ಅಮ್ಮನ ಮಡಿಲಿನ ಆಸೆ ಐದರದ್ದೇ. ಇದನ್ನು ಅರಿತ ಶಿಕ್ಷಕರು ಬೇಕು. ಪ್ರತಿಭಾವಂತ ಮಕ್ಕಳ ಶಿಕ್ಷಣವನ್ನು ಬಿ.ಇಡಿ.ಯಲ್ಲೇ ವಿಶೇಷವಾಗಿ ಕಲಿಸಬಹುದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಆ ತರಬೇತಿ ಅಂಗನವಾಡಿ ಕಾರ್ಯಕರ್ತೆಯರಿಗೂ ಸಿಗಲಿ. ಕೂಲಿಕಾರರ ಮಗುವಿನ ಜಾಣ್ಮೆಯನ್ನು ಮೊದಲು ಕಾಣಬಲ್ಲವರು ಅವರೇ.